ಊರಿನ ನಂಬರ್ ಕೂಡ ಒಂದು ಅಮಾನತ್ತು

(ಹೊಸಪೇಟೆಯಲ್ಲಿ ಜುಮಾ ಖುತ್ಬಾಕ್ಕೆ ಮುಂಚೆ ಮಾಡಿದ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಪ್ರವಾದಿಯ(ಸ) ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಶಾಂತಿ ಇರಲಿ.



ಉಮ್ರಾಕ್ಕೆ ಹೊರಟವರು ಇಹ್ರಾಮಿನ ಬಗ್ಗೆ, ದುಆಗಳ ಬಗ್ಗೆ ಕೇಳಲು ನಮ್ಮ ಬಳಿ ಬರುತ್ತಾರೆ. ದುಬೈ, ರಿಯಾದ್, ದೋಹಾಗೆ ಕೆಲಸಕ್ಕೆ ಹೊರಟ ಯುವಕರು ದುಆ ಮಾಡಿ ಎಂದು ಬರುತ್ತಾರೆ. ಈಗೀಗ ಇಬ್ಬರೂ ಕೇಳುವ ಮತ್ತೊಂದು ಪ್ರಶ್ನೆ ಇದೆ: "ಅಲ್ಲಿಯ ಸಿಮ್ ತಗೊಂಡರೆ ಊರಿನ ನಂಬರ್ ಏನು ಮಾಡಬೇಕು?" ಇದು ಮೊಬೈಲ್ ಅಂಗಡಿಯಲ್ಲಿ ಕೇಳುವ ಪ್ರಶ್ನೆ, ಮಸೀದಿಯಲ್ಲಿ ಏಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಆ ನಂಬರಿನ ಹಿಂದೆ ಹೆಂಡತಿ ಮಕ್ಕಳ ಹಕ್ಕಿದೆ, ಸಾಲ ಕೊಟ್ಟವರ ಹಕ್ಕಿದೆ, ತಾಯಿಯ ಕರೆ ಇದೆ. ಹಕ್ಕಿನ ವಿಷಯವೆಂದ ಮೇಲೆ ಅದು ದೀನಿನ ವಿಷಯವೂ ಹೌದು.

ಪ್ರವಾದಿಯವರು(ಸ) ರೋಮ್ ದೊರೆಗೆ ಪತ್ರ ಬರೆಯಬೇಕೆಂದಾಗ, ಮುದ್ರೆ ಇಲ್ಲದ ಪತ್ರವನ್ನು ಅವರು ಓದುವುದಿಲ್ಲ ಎಂದು ಸಂಗಾತಿಗಳು ತಿಳಿಸಿದರು. ಆಗ ಅವರು ಬೆಳ್ಳಿಯ ಉಂಗುರ ಮಾಡಿಸಿ ಅದರಲ್ಲಿ ಮುದ್ರೆ ಕೆತ್ತಿಸಿದರು. ಅದೇ ಕೆತ್ತನೆಯನ್ನು ಬೇರೆ ಯಾರೂ ತಮ್ಮ ಉಂಗುರದಲ್ಲಿ ಮಾಡಿಸಬಾರದೆಂದೂ ಹೇಳಿದರು. ಎರಡು ಹೆಸರಿಗೆ ಒಂದೇ ಮುದ್ರೆಯಾದರೆ ನಂಬಿಕೆಯೇ ಉಳಿಯುವುದಿಲ್ಲ. ಇಂದು ನಮ್ಮ ಮುದ್ರೆ ಎಂದರೆ ಈ 10 ಅಂಕಿಯ ನಂಬರ್. ಬ್ಯಾಂಕು ನಮ್ಮನ್ನು ಗುರುತಿಸುವುದು ಅದಕ್ಕೆ ಬರುವ ಒಟಿಪಿಯಿಂದ. ಆಧಾರ್, ಯುಪಿಐ, ಗ್ಯಾಸ್ ಬುಕಿಂಗ್ ಎಲ್ಲವೂ ಅದಕ್ಕೇ ಜೋಡಣೆಯಾಗಿವೆ. ನಮ್ಮ ಕಂಪ್ಲಿ, ಸಂಡೂರಿನ ಎಷ್ಟೋ ಮನೆಗಳಲ್ಲಿ ಹೆಂಡತಿಯ ಖಾತೆಗೂ, ಗೃಹಲಕ್ಷ್ಮಿ ಹಣ ಬರುವ ಖಾತೆಗೂ, ಮಕ್ಕಳ ಶಾಲೆಗೂ ಕೊಟ್ಟಿರುವುದು ಮನೆಯ ಗಂಡಸಿನ ಒಂದೇ ನಂಬರ್. ಅವನು ಆ ಸಿಮ್ ತೆಗೆದು ಪರ್ಸಿನಲ್ಲಿಟ್ಟು ವಿಮಾನ ಹತ್ತಿದರೆ ಇಡೀ ಮನೆಯ ಮುದ್ರೆ ಅವನ ಜೊತೆಗೇ ಹೋಯಿತು.

ನಂಬರ್ ಸತ್ತರೆ ಏನಾಗುತ್ತದೆ? ಪ್ರಿಪೇಯ್ಡ್ ಸಂಪರ್ಕವನ್ನು 90 ದಿನ ಯಾವುದಕ್ಕೂ ಬಳಸದಿದ್ದರೆ ಅದನ್ನು ಕಡಿದುಹಾಕಲು ಕಂಪನಿಗೆ ಅವಕಾಶವಿದೆ. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಮತ್ತೆ 30 ದಿನ ನಂಬರ್ ಉಳಿಸುವ ವ್ಯವಸ್ಥೆಯನ್ನು ಟ್ರಾಯ್ 2013ರಲ್ಲಿ ತಂದಿತು. ಆದರೆ ನಂಬರ್ ಉಳಿಯುವುದೇ ಬೇರೆ, ಅದಕ್ಕೆ ಒಟಿಪಿ ಬರುವುದೇ ಬೇರೆ. ಪ್ಲಾನಿನ ವ್ಯಾಲಿಡಿಟಿ ಮುಗಿದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನಗಳಲ್ಲಿ ಒಳಬರುವ ಸಂದೇಶವೂ ನಿಲ್ಲುತ್ತದೆ. ಕಡಿತವಾದ ನಂಬರನ್ನು 90 ದಿನ ಕಳೆದ ಮೇಲೆ ಬೇರೊಬ್ಬರಿಗೆ ಕೊಡುತ್ತಾರೆ. 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ ಇದೇ ವಿಷಯ ಬಂದಿತ್ತು. ಆಮೇಲೆ ನಮ್ಮ ಬ್ಯಾಂಕಿನ ಸಂದೇಶ ಹೋಗುವುದು ಆ ಅಪರಿಚಿತನಿಗೆ. ಸಾಲ ಕೊಟ್ಟ ಅಣ್ಣ ಫೋನ್ ಮಾಡಿದರೆ ಎತ್ತುವುದೂ ಅವನೇ. ಅಣ್ಣ ಏನೆಂದುಕೊಳ್ಳುತ್ತಾನೆ? ಹಣ ಮುಳುಗಿಸಲು ನಂಬರ್ ಬದಲಿಸಿದ ಎಂದುಕೊಳ್ಳುತ್ತಾನೆ. ಬೇರೆಯವರ ಮನಸ್ಸಿನಲ್ಲಿ ಕೆಟ್ಟ ಗುಮಾನಿಗೆ ಜಾಗ ಕೊಡುವುದನ್ನೂ ನಾವು ತಪ್ಪಿಸಬೇಕು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಹಂಪಿಯಲ್ಲಿ ಆಟೋ ಓಡಿಸುವ, ಗೈಡ್ ಕೆಲಸ ಮಾಡುವ ಸಹೋದರರು ಇದನ್ನು ಕಣ್ಣಾರೆ ಕಂಡಿರಬಹುದು. ಹೊರದೇಶದಿಂದ ಬಂದ ಪ್ರವಾಸಿ ಇಲ್ಲಿಯ ಡೇಟಾದಿಂದ ನಕ್ಷೆ ನೋಡುತ್ತಾನೆ, ಅದೇ ಫೋನಿಗೆ ಅವನ ದೇಶದ ಬ್ಯಾಂಕಿನ ಸಂದೇಶವೂ ಬರುತ್ತದೆ. ಒಂದು ಫೋನಿನಲ್ಲಿ ಎರಡು ಲೈನು. ಒಂದು ಲೈನು ಕಾರ್ಡಿನದು, ಇನ್ನೊಂದು ಇ-ಸಿಮ್. ಇ-ಸಿಮ್ ಎಂದರೆ ಫೋನಿನೊಳಗೇ ಕೂರಿಸಿರುವ ಚಿಪ್ಪು. ಅದಕ್ಕೆ ಕಾರ್ಡ್ ಹಾಕುವ ಕೆಲಸವಿಲ್ಲ. ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ಕಂಪನಿಯ ಸಂಪರ್ಕ ಅದರೊಳಗೆ ಇಳಿಯುತ್ತದೆ.

ಈ ರೀತಿ ಇದೇ ಹಂಪಿಯಲ್ಲಿ ಹಿಂದೆಯೂ ಇತ್ತು. 1443ರಲ್ಲಿ ಹೆರಾತಿನ ಸುಲ್ತಾನ್ ಶಾರುಖನ ರಾಯಭಾರಿಯಾಗಿ ಅಬ್ದುರ್ರಜಾಕ್ ಎರಡನೇ ದೇವರಾಯನ ಆಸ್ಥಾನಕ್ಕೆ ಬಂದರು. ದಿನದ ಊಟದ ಸಾಮಗ್ರಿ ಇಲ್ಲಿಯ ಅರಮನೆಯದು, ಗುರುತು ಮಾತ್ರ ಹೆರಾತಿನದು. ಇವರು ನಿಜವಾದ ರಾಯಭಾರಿಯೇ ಅಲ್ಲ ಎಂದು ಹೊರ್ಮುಜಿನ ಕೆಲವರು ಮಾತು ಹಬ್ಬಿಸಿದ್ದನ್ನು ಅವರೇ ಬರೆದಿದ್ದಾರೆ. ಪರದೇಶದಲ್ಲಿ ಗುರುತಿನ ಬಗ್ಗೆ ಸಂಶಯ ಬಂದರೆ ಎಂಥವರಿಗೂ ಕಷ್ಟವೇ.

ಈಗ ಹೊರಡುವ ಮುಂಚೆ ಮಾಡಬೇಕಾದ್ದನ್ನು ಹೇಳುತ್ತೇವೆ, ಗಮನವಿಟ್ಟು ಕೇಳಿ.

ಮೊದಲು ನಮ್ಮ ಫೋನಿನಲ್ಲಿ ಇ-ಸಿಮ್ ಇದೆಯೇ ನೋಡಬೇಕು. *#06# ಒತ್ತಿದರೆ ಐಎಂಇಐ ಜೊತೆಗೆ ಇಐಡಿ ಎಂಬ ಉದ್ದದ ಸಂಖ್ಯೆ ಕಂಡರೆ ಇದೆ ಎಂದರ್ಥ. ಇಲ್ಲದಿದ್ದರೆ ಹೊಸ ಫೋನಿಗೆ ಸಾಲ ಮಾಡಬೇಡಿ, ಅದು ದುಂದುವೆಚ್ಚ. ಎರಡು ಸಿಮ್ ಹಾಕುವ ಸಾಧಾರಣ ಫೋನ್ ಸಾಕು. ಒಂದರಲ್ಲಿ ಊರಿನ ಕಾರ್ಡ್, ಇನ್ನೊಂದರಲ್ಲಿ ಅಲ್ಲಿಯ ಕಾರ್ಡ್.

ಎರಡನೆಯದು, ಊರಿನ ಸಿಮ್ಮನ್ನು ಕಾರ್ಡಾಗಿಯೇ ಇಟ್ಟುಕೊಂಡು ಪರದೇಶದ ಲೈನನ್ನು ಇ-ಸಿಮ್ ಮಾಡಿಕೊಳ್ಳುವುದು ಒಳ್ಳೆಯದು. ಅಲ್ಲಿ ಫೋನ್ ಒಡೆದರೆ ಕಾರ್ಡನ್ನು ತೆಗೆದು ಬೇರೆ ಫೋನಿಗೆ ಹಾಕಬಹುದು. ಊರಿನ ನಂಬರೇ ಇ-ಸಿಮ್ ಆಗಿದ್ದರೆ ಅದನ್ನು ಪರದೇಶದಲ್ಲಿ ಕುಳಿತು ಮತ್ತೆ ಪಡೆಯುವುದು ತೊಂದರೆಯ ಕೆಲಸ.

ಮೂರನೆಯದು, ಇಲ್ಲಿರುವಾಗಲೇ ಊರಿನ ನಂಬರಿಗೆ ಅಂತರರಾಷ್ಟ್ರೀಯ ರೋಮಿಂಗ್ ತೆರೆಸಿ. ಅಲ್ಲಿ ಒಳಬರುವ ಎಸ್ಸೆಮ್ಮೆಸ್ಸಿಗೆ ಶುಲ್ಕವಿದೆಯೇ ಎಂದು ನಿಮ್ಮ ಕಂಪನಿಯನ್ನು ಕೇಳಿ, ಸಾಮಾನ್ಯವಾಗಿ ಇರುವುದಿಲ್ಲ. ಕರೆ ಎತ್ತಿದರೆ ಮಾತ್ರ ನಿಮಿಷಕ್ಕೆ ಹಣ ಹೋಗುತ್ತದೆ. ಇಳಿದ ಕೂಡಲೇ ಮೊಬೈಲ್ ಡೇಟಾಕ್ಕೆ ಅಲ್ಲಿಯ ಲೈನನ್ನು ಆರಿಸಿ, ಊರಿನ ಲೈನಿನ ಡೇಟಾ ರೋಮಿಂಗ್ ಬಂದ್ ಮಾಡಿ. ಊರಿನ ಲೈನನ್ನೇ ಬಂದ್ ಮಾಡಬೇಡಿ, ಮಾಡಿದರೆ ಒಟಿಪಿ ಬಾರದು. ವಾಟ್ಸಾಪ್ ಹಳೆಯ ನಂಬರಿನಲ್ಲೇ ನಡೆಯುತ್ತದೆ. ನಂಬರ್ ಬದಲಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ.

ನಾಲ್ಕನೆಯದು ರೀಚಾರ್ಜ್. ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ, ಡೇಟಾ ಇಲ್ಲದ ಪ್ಯಾಕುಗಳನ್ನು ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಅವುಗಳಿಗೆ 365 ದಿನಗಳವರೆಗೂ ವ್ಯಾಲಿಡಿಟಿ ಇರಬಹುದು. ಕೆಲಸಕ್ಕೆ ಹೋಗುವವರಿಗೆ ಇದು ಅನುಕೂಲ. ಮುಗಿಯುವ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ.

ಐದನೆಯದು, ಪ್ರಯಾಣದ ಇ-ಸಿಮ್ಮುಗಳಲ್ಲಿ ಹಲವು ಡೇಟಾ ಮಾತ್ರ ಕೊಡುತ್ತವೆ, ಕರೆ ಮಾಡುವ ನಂಬರ್ ಕೊಡುವುದಿಲ್ಲ. ಉಮ್ರಾದ ಹದಿನೈದು ದಿನಕ್ಕೆ ಅದು ಸಾಕಾಗಬಹುದು. ರೌಝಾಕ್ಕೆ ಪರ್ಮಿಟ್ ಪಡೆಯುವ ನುಸುಕ್ ಆ್ಯಪಿಗೆ ಬೇಕಾಗಿರುವುದೂ ಇಂಟರ್‌ನೆಟ್ಟೇ. ಅದರ ನೋಂದಣಿಯನ್ನು ಮಾತ್ರ ಊರಿನಲ್ಲೇ ಮುಗಿಸಿಕೊಳ್ಳಿ. ಕೆಲಸಕ್ಕೆ ಹೋದವರಿಗೆ ಅಲ್ಲಿಯ ನಂಬರ್ ಬೇಕೇ ಬೇಕು. ಸೌದಿಯಲ್ಲಿ 2016ರಿಂದ ಸಿಮ್ಮಿಗೆ ಬೆರಳಚ್ಚು ಕಡ್ಡಾಯ. ಬೇರೆಯವರ ಹೆಸರಿನ ಸಿಮ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಅವನು ಮಾಡಿದ್ದು ನಿಮ್ಮ ಮೇಲೆ, ನೀವು ಮಾಡಿದ್ದು ಅವನ ಮೇಲೆ ಬರುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಕೆಲವರು ಊರಿನ ಸಿಮ್ಮನ್ನು ತಮ್ಮನಿಗೋ, ಗೆಳೆಯನಿಗೋ, ಏಜೆಂಟನಿಗೋ ಕೊಟ್ಟು ಹೋಗುತ್ತಾರೆ. ಸಿಮ್ ಕೊಟ್ಟರೆ ಮುದ್ರೆಯ ಉಂಗುರ ಕೊಟ್ಟಂತೆ. ಅದರಿಂದ ಖಾತೆ ತೆರೆಯಬಹುದು, ಸಾಲ ಎತ್ತಬಹುದು. ಮೋಸವಾದರೆ ಪೊಲೀಸರು ಬರುವುದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಅದು ನಿಮ್ಮ ಜೊತೆಯೇ ಇರಲಿ. ಹೆಂಡತಿಯ ಖಾತೆಗೆ ಹೆಂಡತಿಯ ನಂಬರನ್ನೇ ಕೊಡಿಸಿ. ಅವಳ ಹಣಕ್ಕೆ ಅವಳೇ ಒಡತಿ, ಪ್ರತಿ ಒಟಿಪಿಗೂ ರಿಯಾದಿಗೆ ಫೋನ್ ಮಾಡುವ ಸ್ಥಿತಿ ಅವಳಿಗೆ ಬರಬಾರದು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಸರ್ಕಾರದ ಸಂಚಾರ್ ಸಾಥಿಯಲ್ಲಿ ನೋಡಬಹುದು. ನಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಬಹುದು. "ನಿಮ್ಮ ಸಿಮ್ಮನ್ನು ಇ-ಸಿಮ್ ಮಾಡಿಕೊಡುತ್ತೇವೆ, ಬಂದ ಕೋಡ್ ಹೇಳಿ" ಎಂದು ಯಾರಾದರೂ ಕರೆ ಮಾಡಿದರೆ ಹೇಳಬೇಡಿ. ಆ ಒಂದು ಕೋಡಿನಿಂದ ನಂಬರ್ ಅವನ ಫೋನಿಗೆ ಹೋಗುತ್ತದೆ. ನಮ್ಮ ಫೋನಿನಲ್ಲಿ ನೆಟ್‌ವರ್ಕ್ ಹೋದಾಗಲೇ ನಮಗೆ ಗೊತ್ತಾಗುವುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ತಾಯಂದಿರ ಮಾತನ್ನೂ ಹೇಳಬೇಕು. ಬಟನ್ ಫೋನ್ ಇರುವ ತಾಯಿಗೆ ವಾಟ್ಸಾಪ್ ಇಲ್ಲ. ಅರಬ್ ಎಮಿರೇಟ್ಸಿನಲ್ಲಂತೂ ಸ್ಥಳೀಯ ನೆಟ್‌ವರ್ಕಿನಲ್ಲಿ ವಾಟ್ಸಾಪ್ ಕರೆಯೇ ಹೋಗುವುದಿಲ್ಲ. ಆಕೆಗೆ ನೆನಪಿರುವುದು ಮಗನ ಹಳೆಯ ನಂಬರ್ ಒಂದೇ. ಅದು ಬದುಕಿರಲಿ. ಆಕೆ ಕರೆ ಮಾಡಿದರೆ ಎತ್ತದೆ, ಅಲ್ಲಿಯ ಲೈನಿನಿಂದ ಕೂಡಲೇ ಮರಳಿ ಕರೆ ಮಾಡಿ. ಕಾಯಿಲೆಯ ಸುದ್ದಿ, ಜನಾಝದ ಸುದ್ದಿ ಬರುವುದೂ ಆ ನಂಬರಿಗೇ.

ಹತ್ತಾರು ವರ್ಷ ಅಲ್ಲೇ ಇರುವವರು ಊರಿನ ನಂಬರನ್ನು ಬಿಟ್ಟುಬಿಡಲೂಬಹುದು, ಅದಕ್ಕೂ ದಾರಿ ಇದೆ. ಬ್ಯಾಂಕಿಗೆ ತಿಳಿಸಿ ಖಾತೆಯನ್ನು ಎನ್‌ಆರ್‌ಒ ಮಾಡಿಸಿಕೊಳ್ಳಬೇಕು. ಎನ್‌ಆರ್‌ಇ, ಎನ್‌ಆರ್‌ಒ ಖಾತೆ ಇದ್ದವರು ಸೌದಿ, ಯುಎಇ, ಕತಾರ್, ಒಮಾನ್ ಸೇರಿ 10 ದೇಶಗಳ ನಂಬರಿನಿಂದ ಯುಪಿಐ ಬಳಸಲು 2023ರ ಜನವರಿಯಲ್ಲಿ ಅನುಮತಿ ಸಿಕ್ಕಿತು. ಆದರೆ ನಂಬರ್ ಬಿಡುವ ಮುಂಚೆ ಆಧಾರ್, ಬ್ಯಾಂಕು, ಎಲ್ಲ ಕಡೆಯಿಂದಲೂ ಅದನ್ನು ತೆಗೆಸಿ. ಕೊಡಬೇಕಾದವರಿಗೆಲ್ಲ ಹೊಸ ನಂಬರ್ ತಿಳಿಸಿ.

ಹಿಜ್ರತ್ತಿನ ರಾತ್ರಿಯನ್ನು ನೆನಪು ಮಾಡಿಕೊಳ್ಳೋಣ. ಪ್ರಾಣಕ್ಕೇ ಅಪಾಯವಿತ್ತು. ಆದರೂ ಪ್ರವಾದಿಯವರು(ಸ) ಜನರು ತಮ್ಮಲ್ಲಿ ಇಟ್ಟಿದ್ದ ಅಮಾನತ್ತುಗಳನ್ನು ಒಡೆಯರಿಗೆ ತಲುಪಿಸಲು ಹಝ್ರತ್ ಅಲಿಯವರನ್ನು(ರ) ಮಕ್ಕಾದಲ್ಲಿ ಬಿಟ್ಟು ಹೊರಟರು. ಅಮಾನತ್ತು ಇಟ್ಟವರಲ್ಲಿ ವಿರೋಧಿಗಳೂ ಇದ್ದರು. ಊರು ಬಿಡುವವನು ಊರಿನ ಲೆಕ್ಕವನ್ನು ಗಾಳಿಗೆ ಬಿಟ್ಟು ಹೋಗಬಾರದು ಎಂಬುದನ್ನು ನಾವು ಅಲ್ಲಿಂದಲೇ ಕಲಿಯಬೇಕು.

ಫೋನಿನ ವಿಷಯ ತಿಳಿದ ನಮ್ಮ ಯುವಕರು ಜುಮಾ ನಂತರ ಮಸೀದಿಯ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂರಲಿ. ಉಮ್ರಾಕ್ಕೆ ಹೊರಟ ಹಿರಿಯರ ಫೋನಿಗೆ ಇದನ್ನೆಲ್ಲ ಮಾಡಿಕೊಡಲಿ. ಹಣ ತೆಗೆದುಕೊಳ್ಳಬಾರದು, ಪಿನ್ ಕೇಳಬಾರದು, ಹಿರಿಯರು ಪಿನ್ ಒತ್ತುವಾಗ ಮುಖ ಆಚೆ ತಿರುಗಿಸಬೇಕು.

ದೂರದಲ್ಲಿರುವ ನಮ್ಮವರನ್ನು ಅಲ್ಲಾಹನು ಸುರಕ್ಷಿತವಾಗಿಡಲಿ, ಅವರ ದುಡಿಮೆಯಲ್ಲಿ ಬರಕತ್ ನೀಡಲಿ, ಅಮಾನತ್ತು ಕಾಯುವ ಶಕ್ತಿಯನ್ನು ನಮಗೆಲ್ಲ ಕೊಡಲಿ. ಆಮೀನ್.