ದಂತವೈದ್ಯದ ಸೀಟೂ ದಲ್ಲಾಳಿಯ ಮಾತೂ
(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಮೊನ್ನೆ ನಮ್ಮ ಸದಸ್ಯರೊಬ್ಬರು ಹೆಂಡತಿಯ ಬಳೆ ಅಡವಿಡಲು ಹೊರಟಿದ್ದರು. ಮಗಳಿಗೆ ಹನ್ನೆರಡನೆಯ ತರಗತಿಯಲ್ಲಿ, ವಿಜ್ಞಾನದ ಮೂರು ವಿಷಯ ಕೂಡಿ, ನೂರಕ್ಕೆ 54. ನೀಟ್ ಪರೀಕ್ಷೆಯ ಗೊಡವೆಯೇ ಬೇಡ, ದಂತವೈದ್ಯ ಕಾಲೇಜಿನಲ್ಲಿ ಸೀಟು ಕೊಡಿಸುತ್ತೇನೆಂದು ದಲ್ಲಾಳಿಯೊಬ್ಬ ಮುಂಗಡ ಕೇಳಿದ್ದನಂತೆ. ನಾನು ತಡೆದೆ.

ಅದು ಶುದ್ಧ ಸುಳ್ಳು. 2016ರಲ್ಲಿ ದಂತವೈದ್ಯರ ಕಾಯಿದೆ ತಿದ್ದುಪಡಿಯಾದ ಮೇಲೆ ಖಾಸಗಿ ಕಾಲೇಜಿಗೂ ನೀಟ್ ಒಂದೇ ಬಾಗಿಲು. ಹನ್ನೆರಡನೆಯದರಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಕೂಡಿ ಸಾಮಾನ್ಯ ವರ್ಗಕ್ಕೆ ನೂರಕ್ಕೆ 50, ಪರಿಶಿಷ್ಟರಿಗೂ ಹಿಂದುಳಿದವರಿಗೂ 40 ಇದ್ದರಾಯಿತು, ಇಂಗ್ಲಿಷ್ ಪಾಸಾಗಿರಬೇಕು. ಅನಂತರ ಆ ಅಂಕವನ್ನು ಯಾರೂ ತೂಗುವುದಿಲ್ಲ. ನಮ್ಮ ಹುಡುಗಿ ಆ ಹೊಸ್ತಿಲು ದಾಟಿಯೇ ಇದ್ದಾಳೆ!

ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ. ಲೆಕ್ಕಕ್ಕೆ ಹೆದರುವವಳಿಗೆ ಅದೇ ಆಸರೆ. ಸರಿಯುತ್ತರಕ್ಕೆ 4, ತಪ್ಪಿದರೆ 1 ಕಡಿತ. ಆದ್ದರಿಂದ ಕಣ್ಣುಮುಚ್ಚಿ ಗುರುತು ಹಾಕಬಾರದು. ಒಮ್ಮೆ ಸೋತರೆ ಮತ್ತೆ ಬರೆಯಬಹುದು, ಇಷ್ಟೇ ಸಲವೆಂಬ ಮಿತಿಯಿಲ್ಲ.

ಬಳೆ ಕೈಯಲ್ಲೇ ಉಳಿದಿವೆ. ಆದರೆ ಆರು ಜನರ ಖೋಲಿಯಲ್ಲಿ ಓದುವುದೆಲ್ಲಿ? ರಾತ್ರಿ ಎಂಟರ ಮೇಲೆ ನಮ್ಮ ವಾಚನಾಲಯವನ್ನು ಇಂಥ ಮಕ್ಕಳಿಗೆ ತೆರೆದಿಡಬೇಕೆಂದು ಸಭೆಯ ಮುಂದೆ ಸೂಚನೆ ಇಡುತ್ತೇನೆ.