ಕೂಡಲಿಗೆ ಹೆಸರುಂಟು, ಕವಲಿಗೆ?



ನೀರಿನ ದಾರಿಗಳನ್ನು ನಮ್ಮವರು ಏನೆಂದು ಕರೆದರು ಎಂಬುದು ಇವತ್ತಿನ ವಿಷಯ. ನದಿ ಎನ್ನುವುದು ಪುಸ್ತಕದ ಮಾತು. ದಡದಲ್ಲಿರುವವರಿಗೆ ಕೃಷ್ಣೆಯೂ ಹೊಳೆ, ಹೇಮಾವತಿಯೂ ಹೊಳೆ. ಹೊಳೆನರಸೀಪುರ, ಹೊಳೆಹೊನ್ನೂರು, ಹೊಳೆಆಲೂರು ಎಂದು ಊರಿನ ಹೆಸರಿನ ಮುಂದೆಯೇ ಹೊಳೆ ಬಂದು ನಿಂತಿದೆ. ಹೊಳೆಗಿಂತ ಸಣ್ಣದು ಹಳ್ಳ. ಆದರೆ ಧಾರವಾಡದ ಕಡೆಯ ಬೆಣ್ಣೆಹಳ್ಳವನ್ನು ಕಂಡವರು ಹಳ್ಳವನ್ನು ಸಣ್ಣದೆನ್ನಲಾರರು. ವರ್ಷದ ಬಹುಕಾಲ ಬಡಕಲಾಗಿರುವ ಅದು ಒಂದು ದೊಡ್ಡ ಮಳೆಗೆ ಎರೆಹೊಲಗಳನ್ನೆಲ್ಲ ಮುಳುಗಿಸಿಕೊಂಡು ಮಲಪ್ರಭೆಗೆ ಹೋಗಿ ಬೀಳುತ್ತದೆ. ಕರಾವಳಿಗಿಳಿದರೆ ಇಂಥ ಸಣ್ಣ ಹರಿವಿಗೆ ತೋಡು ಎನ್ನುತ್ತಾರೆ. ಹೊಳೆ ಕಡಲು ಸೇರುವ ಬಾಯಿಗೆ ಅಳಿವೆ.

ಈ ಹೆಸರುಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನೀರು ಕೂಡುವ ಜಾಗಕ್ಕೆ ನಮ್ಮಲ್ಲಿ ಹೆಸರುಗಳ ಸುಗ್ಗಿಯೇ ಇದೆ. ತುಂಗೆ ಭದ್ರೆ ಸೇರುವಲ್ಲಿ ಕೂಡಲಿ. ಕಾವೇರಿಗೆ ಕಪಿಲೆ ಬಂದು ಸೇರುವಲ್ಲಿ ತಿರುಮಕೂಡಲು. ಕೃಷ್ಣೆಗೆ ಮಲಪ್ರಭೆ ಸೇರುವಲ್ಲಿ ಕೂಡಲಸಂಗಮ. ಒಂದೇ ಅರ್ಥದ ಎರಡು ಮಾತು ಅಲ್ಲಿ ಜೊತೆಯಾಗಿವೆ. ನೇತ್ರಾವತಿಯೂ ಗುರುಪುರ ಹೊಳೆಯೂ ಒಂದೇ ಅಳಿವೆಗೆ ಬರುವ ಮಂಗಳೂರನ್ನು ತುಳುವರು ಕುಡ್ಲ ಎನ್ನುತ್ತಾರೆ. ಇನ್ನು ನೀರು ಒಡೆದು ಎರಡಾಗುವ ಜಾಗಕ್ಕೆ? ಕವಲು ಎಂಬ ಮಾತಿದೆ, ಸರಿ. ಆದರೆ ಅದನ್ನು ಮರದ ಕೊಂಬೆಗೂ ಹೇಳುತ್ತೇವೆ, ದಾರಿಗೂ ಹೇಳುತ್ತೇವೆ. ಹೊಳೆಗೇ ಮೀಸಲಾದ ಮಾತಲ್ಲ ಅದು.

ಕಾರಣ ನೆಲದಲ್ಲೇ ಇದೆ. ನಾವಿರುವುದು ಹೊಳೆಗಳ ಮೇಲ್ಭಾಗದಲ್ಲಿ. ಪೂರ್ವಕ್ಕೆ ಹರಿಯುವ ನಮ್ಮ ಹೊಳೆಗಳು ಇಲ್ಲಿ ಒಂದಕ್ಕೊಂದು ಸೇರಿ ದೊಡ್ಡವಾಗುತ್ತವೆ. ಕವಲೊಡೆಯುವುದು ಕೆಳಗೆ, ಕಡಲ ಹತ್ತಿರದ ಮುಖಜಭೂಮಿಯಲ್ಲಿ. ಇದೇ ಕಾವೇರಿ ತಮಿಳುನಾಡಿನಲ್ಲಿ ತಿರುಚಿರಾಪಳ್ಳಿಯ ಹತ್ತಿರದಿಂದ ಮುಂದಕ್ಕೆ ಹೋಗುತ್ತಾ ಕೊಳ್ಳಿಡಂ, ವೆಣ್ಣಾರು, ಕುಡಮುರುಟ್ಟಿ, ಅರಸಲಾರು ಎಂದು ಕವಲಿಗೊಂದು ಹೆಸರು ಪಡೆಯುತ್ತದೆ. ಅಲ್ಲಿ ಒಂದೊಂದು ಕವಲಿನ ಹಿಂದೆ ಒಂದೊಂದು ಬಯಲಿನ ಭತ್ತವಿದೆ. ಹೆಸರು ಹೇಳದೆ ಬದುಕು ಸಾಗದು.

ಹಾಗಾದರೆ ನಮ್ಮಲ್ಲಿ ಹೊಳೆ ಒಡೆಯುವುದೇ ಇಲ್ಲವೆ? ಒಡೆಯುತ್ತದೆ. ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಧುಮುಕುತ್ತದೆ. ಗಗನಚುಕ್ಕಿ, ಭರಚುಕ್ಕಿ ಎಂಬ ಹೆಸರುಗಳನ್ನು ನಾವು ಕೊಟ್ಟದ್ದು ಬೀಳುವ ನೀರಿಗೆ, ಅಲ್ಲಿಗೆ ಹರಿದು ಬರುವ ಕವಲಿಗಲ್ಲ. ಹೊಳೆ ಒಡೆದಲ್ಲಿ ನಮ್ಮವರ ಕಣ್ಣು ನೀರನ್ನು ಬಿಟ್ಟು ನಡುವೆ ಉಳಿದ ನೆಲದ ಮೇಲೆ ನೆಟ್ಟಿದೆ ಎಂದು ನನಗೆ ಅನ್ನಿಸುತ್ತದೆ. ಆ ನೆಲಕ್ಕೆ ಎಷ್ಟೊಂದು ಹೆಸರು ನೋಡಿ: ನಡುಗಡ್ಡೆ, ಗಡ್ಡೆ, ಗಡ್ಡಿ, ಕುರುವ, ಕರಾವಳಿಯಲ್ಲಿ ಕುದ್ರು. ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಇದೆ. ರಾಯಚೂರಿನ ಬಳಿ ಕುರ್ವಕುಲಾ, ಕುರ್ವಕುರ್ದಾ ಇವೆ. ದತ್ತ ಪರಂಪರೆಯ ಗುರು ಶ್ರೀಪಾದ ಶ್ರೀವಲ್ಲಭರ ಕುರುವಪುರವೂ ಅದೇ ಹೊಳೆಯ ನಡುವೆ. ಕಬಿನಿಯ ಮೇಲ್ಭಾಗಕ್ಕೆ, ಕೇರಳದ ವಯನಾಡಿಗೆ ಹೋದರೂ ಕುರುವ ಎಂಬ ದ್ವೀಪ ಸಿಗುತ್ತದೆ. ಅಲ್ಲಿನವರು ಅದಕ್ಕೆ ದ್ವೀಪ ಎಂದು ಮತ್ತೆ ಸೇರಿಸಿ ಹೇಳುತ್ತಾರೆ. ದೇವರನ್ನೂ ನಾವು ಇಂಥ ನೆಲದಲ್ಲೇ ನೆಲೆಗೊಳಿಸಿದೆವು. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ಶ್ರೀರಂಗದ ಅಂತ್ಯರಂಗ, ಮೂವರೂ ಕಾವೇರಿಯ ನಡುಗಡ್ಡೆಗಳಲ್ಲಿದ್ದಾರೆ. ಆದರೆ ಈ ನೆಲ ಪೂಜೆಗಷ್ಟೇ ಇರುವುದಲ್ಲ. ಮಳೆಗಾಲದಲ್ಲಿ ಕೃಷ್ಣೆಗೆ ನೀರು ಬಿಟ್ಟಾಗ ಸೇತುವೆಯಿಲ್ಲದ ಗಡ್ಡಿಗಳ ಜನ ಹೊರಜಗತ್ತಿನಿಂದ ಕಡಿದುಹೋಗುತ್ತಾರೆ. ಬಸುರಿಯನ್ನು, ಕಾಯಿಲೆಯವರನ್ನು ದಡ ಸೇರಿಸುವುದು ಹೇಗೆಂಬ ಚಿಂತೆ ಅವರದು. ಕುರುವ ಎಂಬ ಮಾತಿನೊಳಗೆ ಆ ಚಿಂತೆಯೂ ಇದೆ.

ಮನುಷ್ಯ ತೋಡಿದ ಕವಲಿನ ಕಥೆ ಬೇರೆ. ಅಲ್ಲಿ ನಾವು ಒಂದನ್ನೂ ಹೆಸರಿಲ್ಲದೆ ಬಿಟ್ಟಿಲ್ಲ. ವಿಜಯನಗರದವರು ತುಂಗಭದ್ರೆಗೆ ಅಣೆ ಕಟ್ಟಿ ತೋಡಿಸಿದ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳಲ್ಲಿ ಇಂದಿಗೂ ನೀರು ಹರಿದು ಹೊಸಪೇಟೆ ಸೀಮೆಯ ಗದ್ದೆಗಳಿಗೆ ಹೋಗುತ್ತದೆ. ಶ್ರೀರಂಗಪಟ್ಟಣದ ಸುತ್ತ ವಿರಿಜಾ ನಾಲೆ, ಚಿಕ್ಕದೇವರಾಯಸಾಗರ ನಾಲೆ ಇವೆ. ಕನ್ನಂಬಾಡಿಯಿಂದ ಮಂಡ್ಯಕ್ಕೆ ನೀರು ತಂದ ನಾಲೆಗೆ ಮೊದಲು ವೈಸರಾಯ್ ಇರ್ವಿನ್ ಹೆಸರಿತ್ತು, ಈಗ ಅದು ವಿಶ್ವೇಶ್ವರಯ್ಯ ನಾಲೆ. ಮಂಡ್ಯದವರ ಬಾಯಲ್ಲಿ ವಿ.ಸಿ. ನಾಲೆ. ನಾಲೆಯಿಂದ ಉಪನಾಲೆ, ಅದರಿಂದ ಹೊಲಗಾಲುವೆ, ಹೊಲದ ಹೆಚ್ಚಾದ ನೀರು ಇಳಿದುಹೋಗಲು ಬಸಿಗಾಲುವೆ. ಸಿಂಧನೂರಿನ ಕಡೆ ಉಪಕಾಲುವೆಗೆ ನಂಬರೇ ಹೆಸರು. 54ನೇ ಉಪಕಾಲುವೆಯ ಕೊನೆಭಾಗದವನು ಎಂದು ರೈತ ಹೇಳಿದರೆ ಅವನ ಬೆಳೆಯ ಪಾಡು ತಿಳಿದಂತೆಯೇ.

ಕೆರೆಯ ಮಾತುಗಳಂತೂ ಇನ್ನೂ ಖಚಿತ. ಏರಿ, ತೂಬು, ಕೋಡಿ, ಅಚ್ಚುಕಟ್ಟು. ಒಂದು ಕೆರೆ ಕೋಡಿ ಬಿದ್ದರೆ ಆ ನೀರನ್ನು ಕೆಳಗಿನ ಕೆರೆಗೆ ಒಯ್ಯುವುದು ರಾಜಕಾಲುವೆ. ತೂಬು ಎತ್ತುವ, ಸರದಿಯಂತೆ ನೀರು ಬಿಡುವ ಹೊಣೆ ನೀರುಗಂಟಿಯದು. ಬೆಂಗಳೂರಿನಲ್ಲಿ ಕೋಡಿಹಳ್ಳಿ ಇದೆ, ಆ ಊರಿಗೆ ಹೆಸರು ಕೊಟ್ಟ ಕೋಡಿ ಎಲ್ಲಿತ್ತೆಂದು ಹೇಳುವವರು ವಿರಳ. ರಾಜಕಾಲುವೆಯನ್ನು ಜನ ಈಗ ಮೋರಿ ಎನ್ನುತ್ತಾರೆ, ಪತ್ರಿಕೆಗಳೂ ಹಾಗೆ ಬರೆದದ್ದುಂಟು. ನನಗೆ ಇದು ನೋವಿನ ವಿಷಯ, ಯಾಕೆಂದರೆ ಇಲ್ಲಿ ಮಾತು ಬದಲಾದರೆ ನೆಲವೂ ಹೋಗುತ್ತದೆ. ನಗರದ 2015ರ ಮಹಾಯೋಜನೆಯಲ್ಲಿ ರಾಜಕಾಲುವೆಯ ದರ್ಜೆ ನೋಡಿ ಅದರ ಮಧ್ಯದಿಂದ ಅಳೆದು 50, 25, 15 ಮೀಟರ್ ಜಾಗ ಬಿಡಬೇಕೆಂದಿತ್ತು. ಮೋರಿಗೆ ಅಷ್ಟು ಜಾಗ ಯಾರು ಬಿಡುತ್ತಾರೆ? ಮೋರಿಯೆಂದರೆ ಅದರ ಮೇಲೊಂದು ಚಪ್ಪಡಿ, ಚಪ್ಪಡಿಯ ಮೇಲೊಂದು ಅಂಗಡಿ.

ಹಳ್ಳಿಗಳಲ್ಲೂ ಹೀಗೆಯೇ. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಹಳ್ಳವನ್ನು ಗೆರೆ ಎಳೆದು ತೋರಿಸಿರುತ್ತಾರೆ. ಆ ಜಾಗ ‘ಬ’ ಖರಾಬು, ಎಂದರೆ ಸಾರ್ವಜನಿಕರದು, ಸಾಗುವಳಿಗೆ ಸಿಗದ್ದು. ನಾಲ್ಕು ವರ್ಷ ಮಳೆ ಕೈಕೊಟ್ಟು ಹಳ್ಳ ಒಣಗಿದರೆ ಅದು ಹಳ್ಳವೆಂಬ ನೆನಪೇ ಹೋಗಿ, ಪಕ್ಕದ ಹೊಲದ ಬದು ಒಂದೊಂದೇ ಮೊಳ ಒಳಗೆ ಸರಿಯುತ್ತದೆ.

ಈ ಸಭೆ ಕರೆದ ಸಂಘದವರಲ್ಲಿ, ಇಲ್ಲಿ ಕೂತಿರುವ ನಿಮ್ಮೆಲ್ಲರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ನಿಮ್ಮ ಊರಿನ ಗ್ರಾಮ ನಕ್ಷೆಯ ಪ್ರತಿ ತೆಗೆಸಿ. ನೀರುಗಂಟಿಯಾಗಿದ್ದವರು, ಹರಿಗೋಲು ಹಾಕಿದವರು, ಗದ್ದೆಗೆ ನೀರು ಕಟ್ಟಿದ ಹೆಂಗಸರು ಇನ್ನೂ ಇದ್ದರೆ ಅವರ ಬಳಿ ನಕ್ಷೆ ಹರಡಿ ಕೂತು, ಪ್ರತಿ ಗೆರೆಗೂ ಏನೆನ್ನುತ್ತಿದ್ದರೆಂದು ಕೇಳಿ ಬರೆದುಕೊಳ್ಳಿ. ಅವರು ಹೇಳಿದ ಹಾಗೆಯೇ ಬರೆಯಿರಿ, ಶಿಷ್ಟಗನ್ನಡಕ್ಕೆ ತಿದ್ದಬೇಡಿ. ಬರೆದದ್ದರ ಒಂದು ಪ್ರತಿ ಸಂಘದಲ್ಲಿರಲಿ, ಇನ್ನೊಂದು ಪಂಚಾಯಿತಿಯಲ್ಲಿರಲಿ.