ದ್ವೀಪದವರನ್ನು ಕೇಳಿದವರು ಯಾರು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ 'ಸ್ಥಳೀಯ ಸ್ವಯಮಾಡಳಿತ'. ಗ್ರಾಮ ಪಂಚಾಯತಿನ ಅಧಿಕಾರಗಳ ಪಟ್ಟಿ ಓದಿ ಮುಗಿಸಬಹುದಿತ್ತು. ಆದರೆ ಆ ಪಟ್ಟಿ ನಿಮ್ಮ ಸಮಾಜ ವಿಜ್ಞಾನ ಪುಸ್ತಕದಲ್ಲೇ ಇದೆ. ಆದ್ದರಿಂದ ಇಂದು ನಿಮ್ಮನ್ನು ಮಂಗಳೂರಿನ ಬಂದರಿನಿಂದ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದಾಚೆಗೆ, ಲಕ್ಷದ್ವೀಪಕ್ಕೆ ಕರೆದೊಯ್ಯಬೇಕೆಂದಿದ್ದೇನೆ.

ಒಮ್ಮೆ ತರಗತಿಯಲ್ಲಿ ಭಾರತದ ಭೂಪಟ ತೂಗು ಹಾಕಿದ್ದೆ. ಏಳನೇ ತರಗತಿಯ ಹುಡುಗನೊಬ್ಬ ಸಮುದ್ರದ ನೀಲಿಯಲ್ಲಿದ್ದ ಚುಕ್ಕೆಗಳನ್ನು ತೋರಿಸಿ, "ಟೀಚರ್, ಇಲ್ಲಿ ಮನುಷ್ಯರು ಇದ್ದಾರಾ?" ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯೋಚಿಸಿದಾಗ, ದೊಡ್ಡವರಾದ ನಾವೂ ಆ ಚುಕ್ಕೆಗಳನ್ನು ಹಾಗೆಯೇ ನೋಡುತ್ತಿದ್ದೇವಲ್ಲ ಅನಿಸಿತು. ಅಲ್ಲಿ ಮನುಷ್ಯರಿದ್ದಾರೆ ಎಂಬುದು ನಮಗೆ ಗೊತ್ತು. ಆದರೆ ಆ ಮನುಷ್ಯರಿಗೆ ತಮ್ಮ ಊರಿನ ಬಗ್ಗೆ ಒಂದು ಅಭಿಪ್ರಾಯ ಇದ್ದೀತು ಎಂಬುದು ನಮ್ಮ ತಲೆಗೆ ಹೋಗುವುದಿಲ್ಲ.

ಲಕ್ಷದ್ವೀಪದ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 64,473. ಅಂದರೆ ನಮ್ಮ ಒಂದು ಸಾಧಾರಣ ಪಟ್ಟಣದಷ್ಟು. ಸಾಕ್ಷರತೆ ಶೇ. 91ಕ್ಕೂ ಮಿಕ್ಕಿ. ಹೆಚ್ಚಿನ ದ್ವೀಪಗಳಲ್ಲಿ ಮಲಯಾಳದ ಒಂದು ರೂಪವಾದ ಜೆಸರಿ ಮಾತನಾಡುತ್ತಾರೆ. ದಕ್ಷಿಣದ ತುದಿಯ ಮಿನಿಕಾಯ್‌ನ ಭಾಷೆ ಮಹ್ಲ್. ಅದರ ಲಿಪಿ ಉರ್ದುವಿನಂತೆ ಬಲದಿಂದ ಎಡಕ್ಕೆ ಸಾಗುತ್ತದೆ.

ಈ ದ್ವೀಪಗಳು ನಮಗೆ ದೂರದವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಉತ್ತರದ ಐದು ದ್ವೀಪಗಳಿಗೆ ಅಮಿನಿದಿವಿ ಎಂದು ಹೆಸರು. 1783ರಲ್ಲಿ ಅಮಿನಿಯ ಜನ ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತು ಟಿಪ್ಪು ಸುಲ್ತಾನರ ಮೊರೆ ಹೋದರು. ದ್ವೀಪಗಳು ಟಿಪ್ಪುವಿನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಪಾಲಾಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. ಅಮಿನಿಯಲ್ಲಿ ಒಬ್ಬ ಮೊನೆಗಾರ, ಮಂಗಳೂರಿನಲ್ಲಿ ಕಲೆಕ್ಟರ್. ತೆಂಗಿನ ನಾರಿನ ಹುರಿ ಹೊತ್ತು ಬಂದ ಓಡಗಳು ಅಕ್ಕಿ ಹೊತ್ತು ಮರಳುತ್ತಿದ್ದವು. ದೀರ್ಘಕಾಲ ಲಕ್ಷದ್ವೀಪದ ಸಂಸದರಾಗಿದ್ದ ಪಿ. ಎಂ. ಸಯೀದ್ ಕಲಿತದ್ದೂ ಮಂಗಳೂರಿನ ಸರಕಾರಿ ಕಾಲೇಜಿನಲ್ಲೇ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ವಿಚಿತ್ರ ನೋಡಿ, ಆ ಪ್ರದೇಶದ ಆಡಳಿತ ಕಚೇರಿ ಇದ್ದದ್ದು ದ್ವೀಪದಲ್ಲಲ್ಲ, ಕೋಝಿಕ್ಕೋಡ್‌ನಲ್ಲಿ. ಅದು ಕವರತ್ತಿಗೆ ಬಂದದ್ದು 1964ರಲ್ಲಿ. ಲೋಕಸಭೆಯ ಸದಸ್ಯರನ್ನೂ ಮೊದಲು ರಾಷ್ಟ್ರಪತಿಗಳೇ ನೇಮಿಸುತ್ತಿದ್ದರು. ಜನ ಮತ ಹಾಕಿ ಸಂಸದರನ್ನು ಆರಿಸಿದ್ದು 1967ರಲ್ಲಿ. 1988ರ ನಿಯಮದಂತೆ ದ್ವೀಪ ಮಂಡಳಿಗಳು ಬಂದವು. ಸಂವಿಧಾನದ 73ನೇ ತಿದ್ದುಪಡಿಯ ನಂತರ 1994ರ ಪಂಚಾಯತ್ ನಿಯಮ ಬಂತು, 1997ರಲ್ಲಿ ಮೊದಲ ಚುನಾವಣೆ ನಡೆಯಿತು. ಹತ್ತು ದ್ವೀಪ ಪಂಚಾಯತುಗಳು, ಒಂದು ಜಿಲ್ಲಾ ಪಂಚಾಯತು. ವಿಧಾನಸಭೆ ಇಲ್ಲದ ಆ ಜನರಿಗೆ ತಮ್ಮದೆಂದು ಹೇಳಿಕೊಳ್ಳಲು ಇದ್ದ ಆಡಳಿತ ಇಷ್ಟೇ. ನಲವತ್ತು ವರ್ಷಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಪಡೆದದ್ದು.

ಈ ಮೆಟ್ಟಿಲುಗಳನ್ನು ಇಳಿಯಲು ಎಷ್ಟು ಸಮಯ ಬೇಕು? 2020ರ ಡಿಸೆಂಬರ್‌ನಲ್ಲಿ ಹೊಸ ಆಡಳಿತಾಧಿಕಾರಿ ಬಂದರು. 2021ರ ಮೇ ತಿಂಗಳಲ್ಲಿ ಒಂದು ಆದೇಶ ಹೊರಟಿತು. ಶಿಕ್ಷಣ, ಆರೋಗ್ಯ, ಕೃಷಿ, ಪಶುಸಂಗೋಪನೆ, ಮೀನುಗಾರಿಕೆ ಈ ಐದು ವಿಷಯಗಳು ಜಿಲ್ಲಾ ಪಂಚಾಯತಿನ ಕೈಯಿಂದ ಆಡಳಿತದ ಕೈಗೆ ಹೋದವು. ಮೀನು ಮತ್ತು ತೆಂಗು ಬಿಟ್ಟರೆ ಬೇರೆ ಜೀವನವಿಲ್ಲದ ಊರಿನ ಪಂಚಾಯತಿಗೆ ಇವಿಲ್ಲದೆ ಇನ್ನೇನು ಉಳಿಯಿತು? ಅದೇ ಸಮಯದಲ್ಲಿ, ಕೋವಿಡ್ ಎರಡನೇ ಅಲೆಯ ನಡುವೆ, ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮಕ್ಕೆ ಜನಾಭಿಪ್ರಾಯ ಕೇಳಲು ಕೊಟ್ಟ ಕಾಲಾವಕಾಶ ಕೆಲವೇ ವಾರ. ಯಾವುದೇ ಜಾಗವನ್ನು ಯೋಜನಾ ಪ್ರದೇಶವೆಂದು ಗುರುತಿಸುವ ಅಧಿಕಾರ ಅದರಲ್ಲಿತ್ತು. ಅಪರಾಧ ಬಹಳ ಕಡಿಮೆಯಿರುವ ನಾಡಿಗೆ, ಒಂದು ವರ್ಷದವರೆಗೆ ಬಂಧನದಲ್ಲಿಡಬಹುದಾದ ಕಾಯ್ದೆಯ ಕರಡು ಬಂತು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯತಿಗೆ ನಿಲ್ಲಬಾರದೆಂಬ ಕರಡೂ ಬಂತು. ಅಲ್ಲಿನ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು 1.4 ಎಂದು ಸರಕಾರದ್ದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ!

ಆಡಳಿತದ ಮಾತನ್ನೂ ನ್ಯಾಯವಾಗಿ ಹೇಳಬೇಕು. ಪ್ರವಾಸೋದ್ಯಮ ಬೆಳೆಯಬೇಕು, ಯುವಕರಿಗೆ ಕೆಲಸ ಸಿಗಬೇಕು, ಮಹಿಳೆಯರಿಗೆ ಪಂಚಾಯತಿನಲ್ಲಿ ಅರ್ಧದಷ್ಟು ಸ್ಥಾನ ಕೊಡುತ್ತೇವೆ ಎಂದು ಅದು ಹೇಳಿತು. ಇವುಗಳಲ್ಲಿ ಕೆಲವು ಒಳ್ಳೆಯ ಮಾತುಗಳೇ. ದ್ವೀಪದವರಿಗೂ ಕೆಲಸ ಬೇಕು, ಆಸ್ಪತ್ರೆ ಬೇಕು. ಪ್ರಶ್ನೆ ಇರುವುದು ಒಳಿತು ಯಾವುದು ಎಂಬುದನ್ನು ಯಾರು ತೀರ್ಮಾನಿಸಬೇಕು ಎಂಬುದರಲ್ಲಿ. ಉರ್ದುವಿನಲ್ಲಿ 'ಮಶ್ವರಾ' ಎಂಬ ಪದವಿದೆ. ಅಂದರೆ ಕೂತು ಕೇಳಿ ಆಲೋಚಿಸುವುದು. 'ಹುಕುಂ' ಎಂಬ ಪದವೂ ಇದೆ, ಅದು ಕನ್ನಡಕ್ಕೂ ಬಂದು ನೆಲೆಸಿದೆ. ಒಳ್ಳೆಯ ಕೆಲಸವನ್ನೇ ಹುಕುಂನಿಂದ ಮಾಡಿದರೂ, ಜನ ತಮ್ಮ ಮನೆಯಲ್ಲೇ ಅತಿಥಿಗಳಾಗುತ್ತಾರೆ.

2021ರ ಜೂನ್ 7ರಂದು ದ್ವೀಪದವರು ಹನ್ನೆರಡು ಗಂಟೆ ಉಪವಾಸ ಮಾಡಿದರು. ಬೀದಿಗಿಳಿಯಲಿಲ್ಲ, ಕಲ್ಲೆಸೆಯಲಿಲ್ಲ, ತಮ್ಮ ಮನೆಗಳ ಮುಂದೆ ಫಲಕ ಹಿಡಿದು ಕೂತರು.

ಆಗ ಹೊರಗಿನವರಾದ ನಾವೇನು ಮಾಡಿದೆವು? ಒಂದು ಗುಂಪು, "ಅರವತ್ತು ಸಾವಿರ ಜನಕ್ಕೆ ಇಷ್ಟೆಲ್ಲ ಯಾಕೆ?" ಎಂದಿತು. ಇನ್ನೊಂದು ಗುಂಪಿನಲ್ಲಿ ನಾನಿದ್ದೆ. ಮೊಬೈಲ್‌ನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ಕಳುಹಿಸಿದೆ. ಅವರು ಮುಸ್ಲಿಮರು, ಆದ್ದರಿಂದ ಅವರ ನೋವು ನನಗೆ ಗೊತ್ತು ಎಂದುಕೊಂಡಿದ್ದೆ. ಕೆಲವು ತಿಂಗಳ ನಂತರ ಬಂದರಿನಲ್ಲಿ ಕಿಲ್ತಾನ್‌ನ ಒಬ್ಬ ಹಿರಿಯರು ಮಾತಿಗೆ ಸಿಕ್ಕರು. ನನ್ನ ಸಹಾನುಭೂತಿಯನ್ನೆಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು: "ಕೆಲವರು ನಮ್ಮಲ್ಲಿಗೆ ಫೋಟೋ ತೆಗೆಯಲು ಬರುತ್ತಾರೆ. ಕೆಲವರು ನಮಗಾಗಿ ಅಳುತ್ತಾರೆ. ಕಾಯಿಲೆಯವರನ್ನು ಕರೆತರಲು ಹಡಗಿನ ಟಿಕೆಟ್ ಸಿಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ." ನಾನು ತಲೆ ತಗ್ಗಿಸಿದೆ. ನನಗೆ ಉತ್ತರ ಗೊತ್ತಿರಲಿಲ್ಲ. ಪ್ರಶ್ನೆಯೇ ಗೊತ್ತಿರಲಿಲ್ಲ.

ಇನ್ನೊಂದು ಮಾತು. ದ್ವೀಪಗಳ ಸರಕು ಬೇಪೂರ್ ಬದಲು ಮಂಗಳೂರಿನ ಮೂಲಕ ಹೋಗಬೇಕೆಂಬ ಕ್ರಮ 2021ರಲ್ಲಿ ಸುದ್ದಿಯಾಯಿತು. ನಮ್ಮ ಕಡೆಯ ವ್ಯಾಪಾರಿಗಳಿಗೆ ಸಂತೋಷವಾಯಿತು. ತಪ್ಪೇನಿಲ್ಲ, ಹಳೆಯ ನಂಟು ಬೆಳೆಯಲಿ. ಆದರೆ ತಲೆಮಾರುಗಳಿಂದ ಬೇಪೂರಿನ ಜೊತೆ ಕೊಡುಕೊಳ್ಳುವ ಮನೆಗಳಿಗೆ ಇದು ಅನುಕೂಲವೇ ಎಂದು ನಮ್ಮಲ್ಲಿ ಯಾರೂ ವಿಚಾರಿಸಲಿಲ್ಲ. ಲಾಭ ನಮ್ಮ ಬಾಗಿಲಿಗೆ ಬಂದಾಗ ಮಶ್ವರಾ ಎಂಬ ಪದ ನಮಗೂ ಮರೆತುಹೋಗುತ್ತದೆ.

2023ರ ಜನವರಿಯಲ್ಲಿ ಅಲ್ಲಿನ ಪಂಚಾಯತುಗಳ ಅವಧಿ ಮುಗಿಯಿತು. ಕೂಡಲೇ ಚುನಾವಣೆ ನಡೆಯಲಿಲ್ಲ, ಅಧಿಕಾರಿಗಳೇ ಆ ಸ್ಥಾನದಲ್ಲಿ ಕೂತರು. ಮರುವರ್ಷ, 2024ರ ಜನವರಿಯಲ್ಲಿ ಪ್ರಧಾನಿಯವರು ಭೇಟಿ ಕೊಟ್ಟಾಗ ದೇಶವೆಲ್ಲ ಲಕ್ಷದ್ವೀಪದ ಹೆಸರೇ. ಬಿಳಿ ಮರಳು, ನೀಲಿ ನೀರು. ಚುನಾಯಿತ ಪಂಚಾಯತು ಇಲ್ಲದ ವಿಷಯ ಆ ಚಿತ್ರಗಳಲ್ಲಿ ಕಾಣಲಿಲ್ಲ.

2025ರ ಮೇ ತಿಂಗಳಲ್ಲಿ ಶಾಲೆಗಳ ಪಾಠಪಟ್ಟಿಯಿಂದ ಅರಬಿ ಮತ್ತು ಮಹ್ಲ್ ಭಾಷೆಗಳನ್ನು ಕೈಬಿಡುವ ಆದೇಶ ಬಂತು. ಜೂನ್‌ನಲ್ಲಿ ಕೇರಳ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಎರಡು ಭಾಷೆಗಳನ್ನು ಕಲಿಸಿ ಅನ್ನ ತಿನ್ನುವ ನನಗೆ ಈ ಸುದ್ದಿ ಬಹಳ ನೋವು ಕೊಟ್ಟಿತು. ಶಿಕ್ಷಣ ಜಿಲ್ಲಾ ಪಂಚಾಯತಿನ ಕೈಯಲ್ಲೇ ಇದ್ದಿದ್ದರೆ, ಮಿನಿಕಾಯ್‌ನ ತಾಯಿಯೊಬ್ಬಳು ತನ್ನ ಸದಸ್ಯನ ಮನೆಗೆ ನಡೆದು ಹೋಗಿ, "ನನ್ನ ಮಗುವಿನ ಭಾಷೆಯನ್ನು ಯಾಕೆ ತೆಗೆದಿರಿ?" ಎಂದು ಕೇಳಬಹುದಿತ್ತು. ಈಗ ಅದನ್ನು ಕೇಳಲು ಕಡಲು ದಾಟಿ ಕೊಚ್ಚಿಯ ಹೈಕೋರ್ಟಿಗೆ ಬರಬೇಕು. ವಿದ್ಯಾರ್ಥಿಗಳೇ, ಸ್ವಯಮಾಡಳಿತ ಎಂದರೆ ಏನೆಂದು ಪರೀಕ್ಷೆಯಲ್ಲಿ ಕೇಳಿದರೆ ಪುಸ್ತಕದ ಉತ್ತರವನ್ನೇ ಬರೆಯಿರಿ. ಆದರೆ ಮನಸ್ಸಿನಲ್ಲಿ ಇದನ್ನು ಇಟ್ಟುಕೊಳ್ಳಿ: ತೀರ್ಮಾನ ಮಾಡಿದವನ ಮನೆಗೆ ನಡೆದು ಹೋಗಿ ಪ್ರಶ್ನೆ ಕೇಳಲು ಸಾಧ್ಯವಾಗುವುದೇ ಸ್ವಯಮಾಡಳಿತ.

ನಮಗೆ ಆ ಅವಕಾಶ ಇದೆ. ನಮ್ಮ ಗ್ರಾಮಸಭೆಯಲ್ಲಿ ಎಷ್ಟು ಜನ ಕೂರುತ್ತೇವೆ? ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಎಷ್ಟು ತಾಯಂದಿರು ಬರುತ್ತಾರೆ? ಈ ಸಂಘದಲ್ಲೇ, ವಿದ್ಯಾರ್ಥಿವೇತನ ಯಾವುದಕ್ಕೆ ಕೊಡಬೇಕೆಂದು ತೀರ್ಮಾನಿಸುವಾಗ ವಿದ್ಯಾರ್ಥಿಗಳನ್ನು ಕೇಳಿದ್ದೇವೆಯೇ? ಹಿರಿಯರು ಕ್ಷಮಿಸಬೇಕು, ಸಣ್ಣವರಿಗೆ ಏನು ತಿಳಿಯುತ್ತದೆ ಎಂಬ ಮಾತು ದಿಲ್ಲಿಯಲ್ಲಿ ಮಾತ್ರ ಹುಟ್ಟುವುದಿಲ್ಲ, ನಮ್ಮ ಮನೆಗಳಲ್ಲೂ ಹುಟ್ಟುತ್ತದೆ.

ಆ ಏಳನೇ ತರಗತಿಯ ಹುಡುಗನಿಗೆ ಈಗ ನಾನು ಬೇರೆ ಉತ್ತರ ಕೊಡುತ್ತೇನೆ. ಇದ್ದಾರೆ ಮಗು, ಅಲ್ಲಿ ಮನುಷ್ಯರಿದ್ದಾರೆ. ಅವರ ಬಗ್ಗೆ ಮಾತಾಡುವ ಮೊದಲು ಅವರನ್ನು ಒಂದು ಮಾತು ಕೇಳೋಣ.